ಹೊಟ್ಟಿ ಬಗೆದು ಬ್ಲೂಟೂತ್ ತುಂಬೋದಕ್ಕ ‘ರಿಸ್ಟೋರ್’ ಅನ್ನಬ್ಯಾಡ್ರಿ

1/8
ದೋಸ್ತ್ರೇ, ಈ ಸರಣಿ ಕೆಲವರಿಗೆ ಖಾರ ಅನಿಸ್ತದ, ಅನಿಸಲಿ. ಹಳೆ ಕಾರಿನ ರೇಡಿಯೊ ಬಿಚ್ಚೋದು, ಒಳಗಿನ ಕಾಯಿಲ್, ಟ್ರಾನ್ಸ್‌ಫಾರ್ಮರ್, ಟ್ಯೂನರ್ ಎಲ್ಲ ಕಿತ್ತು ಬಿಸಾಕೋದು, ಖಾಲಿ ಡಬ್ಬಿಯೊಳಗ ಅಗ್ಗದ ಬ್ಲೂಟೂತ್ ಬೋರ್ಡ್ ಕೂರಿಸೋದು, ಮ್ಯಾಲ ಪಾಲಿಶ್ ಹೊಡೆದು ‘ಫುಲ್ ರಿಸ್ಟೋರ್’ ಅಂತ ರೀಲ್ಸ್ ಬಿಡೋದು. ಲೈಕ್ ಸಾವಿರಗಟ್ಟಲೆ. ಕಮೆಂಟಿನೊಳಗ ಬೆಂಕಿ ಎಮೋಜಿ.

ಅದು ರಿಸ್ಟೋರ್ ಅಲ್ಲ. ಹುಲಿ ಚರ್ಮಕ್ಕ ಹುಲ್ಲು ತುಂಬಿ ‘ಹುಲಿ ಬದುಕ್ಯದ ನೋಡ್ರಿ’ ಅಂದಂಗ.

ನನ್ನ ವಾದ ಸಣ್ಣದು: ಹಳೆ ರೇಡಿಯೊ ಕೈಗೆ ಬಂದರೆ ಮೊದಲು ಅದು ಯಾವುದು ಅಂತ ಗುರುತಿಸಬೇಕು. ಆಮೇಲೆ ಕೆಟ್ಟದ್ದನ್ನಷ್ಟೇ ಬದಲಿಸಬೇಕು. ನಾಳೆ ಇನ್ನೊಬ್ಬ ಬಂದು ನಮ್ಮ ಕೆಲಸ ವಾಪಸ್ ಬಿಚ್ಚಿ ಮೊದಲಿನಂಗ ಮಾಡಲು ಬರುವಂತಿರಬೇಕು. ಇಷ್ಟು ಇಲ್ಲದಿದ್ದರೆ ಅದಕ್ಕೆ ಬೇರೆ ಹೆಸರಿಡಿ.

2/8
ಈ ಮಾತು ಬೀದರ್ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾ?

ಬಿದರಿ ಹೂಜಿ ನೋಡಿದ್ದೀರಿ. ಸತು–ತಾಮ್ರದ ಲೋಹ, ಅದರಲ್ಲಿ ಕೂರಿಸಿದ ಬೆಳ್ಳಿ ಎಳೆ, ನಮ್ಮ ಕೋಟೆಯ ಮಣ್ಣಿನಿಂದ ಬಂದ ಕಪ್ಪು. ಅಜ್ಜನ ಕಾಲದ ಹೂಜಿ ಮಾಸಿದೆ ಅಂತ ಯಾರಾದರೂ ಬೆಳ್ಳಿ ಕಿತ್ತು, ಮ್ಯಾಲ ಕಪ್ಪು ಆಯಿಲ್ ಪೇಂಟ್ ಬಳಿದು ‘ರಿಸ್ಟೋರ್’ ಅಂದರೆ ಚೌಬಾರಾ ಹತ್ತಿರ ಅವನನ್ನು ಸುಮ್ಕ ಬಿಡ್ತಾರಾ?

ಮಹಮೂದ್ ಗವಾನ್ ಮದರಸಾ ತಗೊಳ್ಳಿ. 1472ರ ಕಟ್ಟಡ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಒಂದು ಭಾಗ ಹಾರಿಹೋಯಿತು, ಗೋಡೆಯ ಹೆಂಚು ಭಾಳಷ್ಟು ಉದುರಿದವು. ಖಾಲಿ ಜಾಗಕ್ಕೆ ಬಾತ್‌ರೂಮ್ ಟೈಲ್ಸ್ ಹಚ್ಚಿದ್ರಾ? ಇಲ್ಲ. ಉಳಿದಷ್ಟು ಬಣ್ಣದ ಹೆಂಚೇ ಇವತ್ತಿಗೂ ಆ ಕಟ್ಟಡ ಏನಿತ್ತು ಅಂತ ಹೇಳ್ತಾವ.

ಕಟ್ಟಡಕ್ಕೆ ಒಂದು ನ್ಯಾಯ, ರೇಡಿಯೊಗೆ ಒಂದು ನ್ಯಾಯ ಯಾಕ?

3/8
‘ಭಾಲ್ಕಿ ರೋಡಿನ ಮ್ಯಾಲ ಸ್ಪೋರ್ಟ್ಸ್ ಕಾರ್ ಎಲ್ಲಿ ಬರ್ತಾವಪ್ಪ’ ಅಂತ ನಗಬ್ಯಾಡ್ರಿ. ಗುರುತು ಹಿಡಿಯೋ ಶಿಸ್ತು ಅಲ್ಲಿಂದಲೇ ಕಲಿಯಬೇಕು.

ಜರ್ಮನಿಯ ಬೆಕರ್ ಕಂಪನಿ ತನ್ನ ರೇಡಿಯೊಗಳಿಗೆ ರೇಸಿನ ಲೋಕದ ಹೆಸರಿಟ್ಟಿತು: ಮೆಕ್ಸಿಕೊ, ಲೆ ಮಾನ್ಸ್, ಗ್ರಾಂ ಪ್ರಿ, ಮಾಂಟೆ ಕಾರ್ಲೊ. 1953ರ ಬೆಕರ್ ಮೆಕ್ಸಿಕೊ ತಾನೇ ಸ್ಟೇಷನ್ ಹುಡುಕುತ್ತಿತ್ತು, ಎಫ್‌ಎಂ ಕೂಡ ಇತ್ತು. ಮರ್ಸಿಡಿಸ್ 300 ಎಸ್‌ಎಲ್ ಕಾರಿಗೆ ಅದು ಒಡವೆ ಇದ್ದಂಗ. ಬ್ಲೌಪುಂಕ್ಟ್ ಊರಿನ ಹೆಸರಿಟ್ಟಿತು: ಫ್ರಾಂಕ್‌ಫರ್ಟ್, ಬ್ರೆಮೆನ್, ಕೋಲ್ನ್. ಪೋರ್ಷೆ 356ರಲ್ಲಿ ಇವು ಸಿಗ್ತಾವ. ಬ್ರಿಟನ್ನಿನ ಎಂಜಿ, ಜಾಗ್ವಾರ್‌ಗಳಲ್ಲಿ ರೇಡಿಯೋಮೊಬೈಲ್.

ಈಗ ಮುಖ್ಯ ಮಾತು. ಒಂದೇ ರೇಡಿಯೊಗೆ ಬೇರೆ ಬೇರೆ ಕಾರಿಗಾಗಿ ಬೇರೆ ಬೇರೆ ಮುಖಪಟ್ಟಿ, ಬೇರೆ ಗುಂಡಿ ಬರುತ್ತಿದ್ದವು. ಹಾಗಾಗಿ ಮುಖ ನೋಡಿ ‘ಒರಿಜಿನಲ್’ ಅನ್ನೋಕೆ ಬರಲ್ಲ. ಡಬ್ಬಿಯ ಮ್ಯಾಲಿನ ಮಾಡೆಲ್ ನಂಬರ್, ಸೀರಿಯಲ್ ನಂಬರ್, ಹಿಂದಿನ ಪ್ಲಗ್, ಒಳಗಿನ ಭಾಗಗಳ ಮ್ಯಾಲ ಅಚ್ಚಾದ ತಾರೀಕು, ಇವಿಷ್ಟೂ ಒಂದಕ್ಕೊಂದು ಹೊಂದಬೇಕು. ಆ ಕಾಲದ ಬ್ಲೌಪುಂಕ್ಟ್‌ನಲ್ಲಿ ಸೀರಿಯಲ್ ನಂಬರಿನ ಮೊದಲ ಅಕ್ಷರವೇ ವರ್ಷ ಹೇಳ್ತದ. ಒಳಗಿನದು ಬಿಸಾಕಿದ ದಿನ ಆ ಸಾಕ್ಷಿ ಪೂರಾ ಹೋಯಿತು. ಉಳಿದದ್ದು ಮುಖವಾಡ.

📌 ಸೇವ್ ಮಾಡಿ ಇಟ್ಕೊಳ್ರಿ.

4/8
ಈಗ ನಮ್ಮ ಊರಿಗೆ ಬರೋಣ. ನಮ್ಮಲ್ಲಿ ಸಿಗೋದು ಫಿಯೆಟ್ 1100, ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್‌ಗಳ ರೇಡಿಯೊ. ಹೈದರಾಬಾದಿನ ಜುಮ್ಮೇರಾತ್ ಬಜಾರ್‌ನಂಥ ಹಳೆ ಸಾಮಾನಿನ ಸಂತೆಯಲ್ಲಿ ನೆಲದ ಮ್ಯಾಲ ಬಿದ್ದಿದ್ದರೂ ಡಯಲ್ ಓದಲು ಬಂದರೆ ಅರ್ಧ ಕಥಿ ಗೊತ್ತಾಗ್ತದ.

▪️ ಎಲ್‌ಡಬ್ಲ್ಯೂ ಅಂದರೆ ಲಾಂಗ್ ವೇವ್ ಗುಂಡಿ ಇದೆಯಾ? ಭಾರತದಲ್ಲಿ ಕೇಳುಗರಿಗೆ ಲಾಂಗ್ ವೇವ್ ಪ್ರಸಾರವೇ ಇರಲಿಲ್ಲ. ಹಾಗಾಗಿ ಆ ಸೆಟ್ ಯುರೋಪಿಗೆಂದು ತಯಾರಾದದ್ದು, ಹೆಚ್ಚಾಗಿ ಕಾರಿನ ಜೊತೆಗೆ ಹಡಗಿನಲ್ಲಿ ಬಂದದ್ದು.
▪️ ಡಯಲ್ ಮೀಟರ್‌ನಲ್ಲಿದೆಯಾ? 3,00,000ವನ್ನು ಕಿಲೋಹರ್ಟ್ಸ್‌ನಿಂದ ಭಾಗಿಸಿ. ಧಾರವಾಡ ಆಕಾಶವಾಣಿಯ 765 ಅಂದರೆ ಸುಮಾರು 392 ಮೀಟರ್. ಬೆಂಗಳೂರಿನ 612 ಅಂದರೆ ಸುಮಾರು 490.
▪️ ಅಂಕಿ ಮೂಡುವ ಅಮೆರಿಕದ ಡಿಜಿಟಲ್ ಸೆಟ್ಟಾ? ಅಲ್ಲಿ ಮೀಡಿಯಂ ವೇವ್ 10 ಕಿಲೋಹರ್ಟ್ಸ್ ಹೆಜ್ಜೆ, ನಮ್ಮಲ್ಲಿ 9. ಅದು 760ರಿಂದ 770ಕ್ಕೆ ಹಾರ್ತದ, 765ರ ಮ್ಯಾಲ ನಿಲ್ಲೋದೇ ಇಲ್ಲ. ಸೆಟ್ ಕೆಟ್ಟಿಲ್ಲ, ಅದರ ಊರು ಬೇರೆ.

ಇನ್ನೊಂದು ಮಾತು. 1980ರ ದಶಕದ ತನಕ ನಮ್ಮಲ್ಲಿ ರೇಡಿಯೊ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿನ ಲೈಸೆನ್ಸ್ ಬೇಕಿತ್ತು. ಅಜ್ಜನ ಟ್ರಂಕಿನಲ್ಲಿ ಆ ಪುಟ್ಟ ಪುಸ್ತಕ ಸಿಕ್ಕರೆ ಒಲೆಗೆ ಹಾಕಬ್ಯಾಡ್ರಿ. ಅದು ಆ ಸೆಟ್ಟಿನ ಜನ್ಮಪತ್ರ.

5/8
‘ಸುಮ್ಕ ಬ್ಯಾಟರಿಗೆ ಹಚ್ಚಿ ನೋಡೋಣ’ ಅನ್ನೋ ಹಮ್ಮು ಇನ್ನೊಂದು ಶತ್ರು. ಹಚ್ಚೋ ಮುಂಚೆ ಓದಿ.

▪️ ವೋಲ್ಟೇಜ್: ಪೋರ್ಷೆ 356 ಆರು ವೋಲ್ಟಿನ ಕಾರು. ಅದರ ರೇಡಿಯೊಗೆ 12 ಕೊಟ್ಟರೆ ಹೊಗೆ.
▪️ ಅರ್ತ್: 1967ರ ಮುಂಚಿನ ಎಂಜಿಬಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಕೂಡಿರ್ತದ. ತಿರುವುಮುರುವು ಹಚ್ಚಿದರೆ ಟ್ರಾನ್ಸಿಸ್ಟರ್ ಕ್ಷಣದಲ್ಲಿ ಸಾಯ್ತದ.
▪️ ವಾಲ್ವ್ ಸೆಟ್: ಹೊರಗೆ ಬ್ಯಾಟರಿ, ಒಳಗೆ 200 ವೋಲ್ಟ್ ಆಸುಪಾಸು. ವೈಬ್ರೇಟರ್ ಅನ್ನೋ ಭಾಗ ಝುಂಯ್ ಅಂತ ಡಿಸಿಯನ್ನು ಕಡಿದು ಕಡಿದು ಟ್ರಾನ್ಸ್‌ಫಾರ್ಮರ್‌ಗೆ ಕೊಡ್ತದ. ಅದರ ಬಫರ್ ಕೆಪಾಸಿಟರ್ ಮೊದಲು ಬದಲಿಸಿ. ಅದು ಸೋರಿದರೆ ವೈಬ್ರೇಟರೂ ಟ್ರಾನ್ಸ್‌ಫಾರ್ಮರೂ ಎರಡೂ ಹೋಗ್ತಾವ.
▪️ ಸ್ಪೀಕರ್ ಇಲ್ಲದೆ ಆನ್ ಮಾಡಬ್ಯಾಡ್ರಿ.
▪️ ಎಎಫ್ 117 ಟ್ರಾನ್ಸಿಸ್ಟರ್ ಇದ್ದರೆ ಅನುಮಾನ ಪಡಿ. ಅದರ ಒಳಗೆ ಕೂದಲೆಳೆಯಂಥ ಲೋಹ ಬೆಳೆದು ಶಾರ್ಟ್ ಆಗ್ತದ.
▪️ ‘ಎಲ್ಲಾ ರೇಡಿಯೊದ ಐಎಫ್ 455’ ಅನ್ನೋ ವಿಡಿಯೊ ನಂಬಿ ಸ್ಕ್ರೂ ತಿರುಗಿಸಬ್ಯಾಡ್ರಿ. ಅಮೆರಿಕದ ಎಷ್ಟೋ ಕಾರ್ ರೇಡಿಯೊಗಳದ್ದು 262.

ಇವು ಒಂದು ನಿಮಿಷದ ರೀಲ್ಸ್‌ನಲ್ಲಿ ಹಿಡಿಯಲ್ಲ. ಅದಕ್ಕೇ ಕಿತ್ತು ಬಿಸಾಕ್ತಾರ. ಕೆಲಸ ಬರದವನಿಗೆ ಕತ್ತರಿಯೇ ಹತಾರ.

6/8
ಈಗ ನೀವು ಕೇಳೋ ಪ್ರಶ್ನೆ.

‘ಮೀಡಿಯಂ ವೇವ್ ಕೇಳೋರು ಯಾರು? ಸ್ಟೇಷನ್ನೇ ಬಂದ್ ಆಗ್ತಾವ.’ ಖರೆ. ಪ್ರಸಾರ ಭಾರತಿ ಎಷ್ಟೋ ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಿಲ್ಲಿಸಿದೆ. ಆದರೆ ಫೋನಿನ ಹಾಡು ಕೇಳಲು ಹೊಟ್ಟಿ ಬಗೆಯೋ ಕೆಲಸ ಇಲ್ಲ. ಪುಟ್ಟ ಎಎಂ ಮಾಡ್ಯುಲೇಟರ್‌ನ ವೈರ್ ಏರಿಯಲ್ ಸಾಕೆಟ್‌ಗೆ ಹಚ್ಚಿ. ಹಾಡು ಫೋನಿನದು, ಧ್ವನಿ ಆ ಹಳೆ ಸೆಟ್ಟಿನದು. ಬ್ಯಾಡ ಅಂದಾಗ ಕಿತ್ತಿಟ್ಟರೆ ಒಂದು ಗೀರೂ ಇರಲ್ಲ.

‘ಇದು ಶ್ರೀಮಂತರ ಶೋಕಿ.’ ಕಾರು ಶ್ರೀಮಂತರದೇ ಇರಲಿ. ರಿಪೇರಿ ಕೈ ಯಾರದು? ಐಟಿಐ, ಡಿಪ್ಲೊಮಾ ಮುಗಿಸಿ ಪುಣೆ, ಹೈದರಾಬಾದ್ ಬಸ್ ಹತ್ತೋ ನಮ್ಮ ಹುಡುಗರದ್ದು. ಬೋರ್ಡ್ ಕೂರಿಸೋದು ಯಾರಿಗೂ ಬರ್ತದ, ಅದಕ್ಕೆ ಕೂಲಿಯೂ ಅಷ್ಟೇ. ವೈಬ್ರೇಟರ್ ಸರಿಮಾಡೋರು, ಕಾಯಿಲ್ ಸುತ್ತೋರು ಬೆರಳೆಣಿಕೆ. ಬಿದರಿ ಕುಶಲಕರ್ಮಿಗೆ ಇರೋ ಬೆಲೆ ಇಲ್ಲೂ ಬರಬಹುದು, ವಿದ್ಯೆ ಉಳಿಸಿಕೊಂಡರೆ.

‘ಪಾರ್ಟ್ ಸಿಗಲ್ಲ.’ ಯಾಕ ಸಿಗಲ್ಲ ಹೇಳ್ರಿ? ನೀವು ಬಿಸಾಕಿದ್ದೀರಲ್ಲ, ಅವೇ ಪಾರ್ಟು. ಬಂಗಾರದಂಥ ಟ್ಯೂನರ್ ಭಂಗಾರಕ್ಕ ಹೋಗಿ ತೂಕದ ಲೆಕ್ಕದಲ್ಲಿ ಕರಗ್ತದ.

7/8
ಕಾನೂನು ಕಾಯ್ತದ ಅಂತ ನಂಬಿ ಕೂರಬ್ಯಾಡ್ರಿ. 2021ರಲ್ಲಿ ಕೇಂದ್ರ ಸಾರಿಗೆ ಇಲಾಖೆ ವಿಂಟೇಜ್ ವಾಹನಗಳಿಗೆ ನಿಯಮ ತಂತು. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಒಳ್ಳೆಯದೇ. ಆದರೆ ‘ದೊಡ್ಡ ಬದಲಾವಣೆ’ ಅಂತ ಅದು ಹೆಸರಿಸೋದು ಚಾಸಿ, ಬಾಡಿ ಶೆಲ್, ಎಂಜಿನ್. ರೇಡಿಯೊ ಅನಾಥ.

ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆ ಕಾರುಗಳನ್ನು ನೋಡಲು ಹೋದವರು ಹೆಡ್‌ಲೈಟಿನ ಮುಂದೆ ಸೆಲ್ಫಿ ತಗೀತಾರ. ಮುಂದಿನ ಸಲ ಎಂಥ ಹಳೆ ಕಾರು ಸಿಕ್ಕರೂ ಡ್ಯಾಶ್‌ಬೋರ್ಡ್ ಕಡೆ ಕಣ್ಣು ಹಾಯಿಸಿ. ರೇಡಿಯೊ ಇದೆಯಾ, ಅಲ್ಲಿ ಚೌಕಾಕಾರದ ತೂತಿದೆಯಾ, ಅಥವಾ ಲೋಹ ಕೊಯ್ದು ಈಚಿನ ಪ್ಲಾಸ್ಟಿಕ್ ಸ್ಟೀರಿಯೊ ತುರುಕಿದ್ದಾರಾ? ಒಮ್ಮೆ ಕೊಯ್ದ ಡ್ಯಾಶ್‌ಬೋರ್ಡ್ ಮತ್ತೆ ಕೂಡಲ್ಲ.

8/8
ಹಂಗಾದ್ರ ಮಾಡೋದೇನು?

ಮೆಹಕರ, ಭಾಲ್ಕಿ, ಔರಾದ್, ಬೀದರ್, ಎಲ್ಲೇ ಇರ್ರಿ. ಮನಿ ಅಟ್ಟ, ಗ್ಯಾರೇಜು, ಭಂಗಾರದ ಅಂಗಡಿಯಲ್ಲಿ ಹಳೆ ಕಾರ್ ರೇಡಿಯೊ ಕಂಡರೆ:

1. ಬಿಚ್ಚೋ ಮುಂಚೆ ಆರೂ ಕಡೆಯಿಂದ ಫೋಟೊ.
2. ನಂಬರ್ ಬರೆದುಕೊಳ್ಳಿ. ಯಾವ ಕಾರಿನಿಂದ ಬಂತು ಅಂತ ಮನೆಯ ಹಿರಿಯರನ್ನ ಕೇಳಿ.
3. ಕಿತ್ತ ಪ್ರತಿ ಭಾಗ ಡಬ್ಬಿಯೊಳಗೆ, ಹೆಸರು ಚೀಟಿ ಸಮೇತ.
4. ಊರಲ್ಲಿ ರೇಡಿಯೊ ರಿಪೇರಿ ಮಾಡ್ತಿದ್ದ ಹಿರಿಯ ಮೇಸ್ತ್ರಿ ಇದ್ದರೆ ಅವರ ಹತ್ತಿರ ಹೋಗಿ ಕೂರ್ರಿ. ಅವರ ಕಿವಿಗೆ ತಿಳಿಯೋದು ನಮ್ಮ ಮೀಟರಿಗೆ ತಿಳಿಯಲ್ಲ.
5. ಕೈಲಾಗದಿದ್ದರೆ ಹಂಗೇ ಇಡ್ರಿ. ಸುಮ್ಮನೆ ಕೂತ ರೇಡಿಯೊ ಇನ್ನೊಬ್ಬರ ಕೈಯಲ್ಲಿ ಹಾಡಬಹುದು. ಖಾಲಿ ಡಬ್ಬಿ ಹಾಡಲ್ಲ.

ಇನ್ನು ರೀಲ್ಸ್ ಮಾಡೋ ಅಣ್ಣಂದಿರಿಗೆ: ಬ್ಲೂಟೂತ್ ಡಬ್ಬಿ ಮಾಡ್ರಿ, ಯಾರು ಬ್ಯಾಡಂದ್ರು? ಹೊಸ ಕಟ್ಟಿಗೆ ತಂದು ಹೊಸ ಡಬ್ಬಿ ಮಾಡ್ರಿ, ನಾನೇ ಮೊದಲ ಲೈಕ್ ಒತ್ತುತೀನಿ. ಆದರೆ ಅರವತ್ತು ವರ್ಷ ಬಾಳಿದ್ದನ್ನು ಅರವತ್ತು ಸೆಕೆಂಡಿನ ವಿಡಿಯೊಗಾಗಿ ಕೊಲ್ಲಬ್ಯಾಡ್ರಿ. ಕೊಂದರೆ ಕ್ಯಾಪ್ಷನ್ನಿನಲ್ಲಿ ಹಂಗಂತಲೇ ಬರೀರಿ.

ನಿಮ್ಮ ಮನಿಯೊಳಗ ಅಂಥ ಸೆಟ್ ಇದ್ದರೆ ಡಯಲ್ಲಿನ ಫೋಟೊ ಕಳಿಸಿ, ಕೂಡಿ ಗುರುತು ಹಿಡಿಯೋಣ. ಒಪ್ಪದಿದ್ದರೆ ಕಮೆಂಟಿನೊಳಗ ಜಗಳಕ್ಕ ಬರ್ರಿ, ಆದರೆ ಸೆಟ್ಟಿನ ನಂಬರ್ ಹಿಡ್ಕೊಂಡೇ ಬರ್ರಿ. 📻

#ಮೆಹಕರ #ಭಾಲ್ಕಿ #ಬೀದರ್ #ಹಳೆರೇಡಿಯೊ #ಕಿತ್ತರೆರಿಸ್ಟೋರ್ಅಲ್ಲ