ನೆಲನೆಲ್ಲಿ, ಹಣೆಬರಹ, ಜೀನು: ನಾಲ್ಕು ವಾದಗಳಿಗೆ ಉತ್ತರ

ಹೆಪಟೈಟಿಸ್ ಸಿ ತಗುಲಿದವರಲ್ಲಿ ಕೆಲವರು ಔಷಧವಿಲ್ಲದೆಯೇ ಗುಣವಾಗುತ್ತಾರೆ, ಅದರಲ್ಲಿ ರೋಗನಿರೋಧಕ ಜೀನುಗಳ ಕೈವಾಡವಿದೆ ಎಂದು ಹೇಳಿದರೆ ಸಾಕು, ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಕೆಲವು ವಾದಗಳು ಎದ್ದು ನಿಲ್ಲುತ್ತವೆ. ವಾದಿಸುವವರು ಕೆಡುಕು ಬಯಸುವವರಲ್ಲ. ಆದರೆ ಅವರ ಮಾತು ನಂಬಿ ಪರೀಕ್ಷೆ ಮುಂದೂಡಿದವರ ಲಿವರ್ ಸದ್ದಿಲ್ಲದೆ ಗಟ್ಟಿಯಾಗುತ್ತಾ ಹೋಗುತ್ತದೆ. ಅದಕ್ಕೇ ಈ ಉತ್ತರ.

ಮೊದಲನೆಯ ವಾದ ನೆಲನೆಲ್ಲಿಯದು. ‘ಅರೆದು ಮಜ್ಜಿಗೆಯಲ್ಲಿ ಕುಡಿದರೆ ಕಾಮಾಲೆ ಇಳಿಯುತ್ತದೆ, ಎಷ್ಟು ಜನಕ್ಕೆ ವಾಸಿಯಾಗಿಲ್ಲ?’ ವಾಸಿಯಾಗಿರುವುದು ನಿಜ. ಆದರೆ ಯಾವ ಕಾಮಾಲೆ? ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕ ಮಂದಿಯಲ್ಲಿ ತಾವಾಗಿಯೇ ಹೋಗುತ್ತವೆ. ಸಿ ರಕ್ತದ ಮೂಲಕ ಬರುವಂಥದ್ದು. ಶುರುವಿನಲ್ಲಿ ಹೆಚ್ಚಿನವರಿಗೆ ಕಣ್ಣು ಹಳದಿಯಾಗುವುದೂ ಇಲ್ಲ. ಈ ಸಿ ಬಂದ ನೂರು ಜನರಲ್ಲೂ 15ರಿಂದ 45 ಮಂದಿಯ ದೇಹ ಆರು ತಿಂಗಳೊಳಗೆ ವೈರಸ್ಸನ್ನು ತಾನೇ ಹೊರಗಟ್ಟುತ್ತದೆ. ಆ ಆರು ತಿಂಗಳಲ್ಲಿ ಏನು ಕುಡಿದಿದ್ದರೂ ಹೆಸರು ಅದಕ್ಕೇ ಬರುತ್ತದೆ.

ಐರ್ಲೆಂಡಿನ ಪ್ರಸಂಗ ನೋಡಿ. 1977-78ರಲ್ಲಿ ಅಲ್ಲಿ ಬಾಣಂತಿಯರಿಗೆ ಕೊಟ್ಟ ಆಂಟಿ-ಡಿ ಚುಚ್ಚುಮದ್ದಿನಲ್ಲಿ ಈ ವೈರಸ್ ಸೇರಿಕೊಂಡಿತ್ತು. ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ, ಹಾಗಾಗಿ ವಿಷಯ ಬಯಲಾಗಲು ವರ್ಷಗಳೇ ಹಿಡಿದವು. ಮುಂದೆ 62,667 ಮಹಿಳೆಯರನ್ನು ಪರೀಕ್ಷಿಸಿದಾಗ 704 ಮಂದಿಗೆ ಸೋಂಕು ತಗುಲಿದ ಗುರುತು ಸಿಕ್ಕಿತು. ಅವರಲ್ಲಿ ರಕ್ತದಲ್ಲಿ ವೈರಸ್ ಉಳಿದಿದ್ದು 390 ಮಂದಿಗೆ ಮಾತ್ರ. ಎಲ್ಲರೂ ಹೆಂಗಸರು, ಹೆರಿಗೆಯ ವಯಸ್ಸಿನವರು, ಸೋಂಕು ಬಂದದ್ದೂ ಒಂದೇ ದಾರಿಯಲ್ಲಿ. ಆದರೂ ಉಳಿದವರು ಪಾರಾದರು. ಅವರಿಗೆ ಯಾರೂ ನೆಲನೆಲ್ಲಿ ಅರೆದು ಕೊಟ್ಟಿರಲಿಲ್ಲ.

ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಪಾರಾದವರಲ್ಲಿ ಎಚ್‌ಎಲ್‌ಎ-ಬಿ27 ಎಂಬ ಜೀನು ಹೆಚ್ಚಾಗಿ ಕಂಡಿತು. ಬೆನ್ನುಮೂಳೆ ಬಿಗಿದುಕೊಳ್ಳುವ ವಾತಕ್ಕೆ ವೈದ್ಯರು ಬರೆಯುವ ಪರೀಕ್ಷೆಯಲ್ಲಿ ಹುಡುಕುವುದೂ ಇದನ್ನೇ. ಸೋಂಕಿತ ಜೀವಕೋಶ ವೈರಸ್ಸಿನ ಪ್ರೋಟೀನನ್ನು ಚೂರು ಮಾಡುತ್ತದೆ, ಎಚ್‌ಎಲ್‌ಎ ಒಂದು ಚೂರನ್ನು ಹೊತ್ತು ಕೋಶದ ಹೊರಮೈಗೆ ತರುತ್ತದೆ, ಟಿ ಕೋಶ ಅದನ್ನು ಗುರುತಿಸಿ ಆ ಕೋಶವನ್ನೇ ಕೊಲ್ಲುತ್ತದೆ. ಬಿ27 ಎತ್ತಿ ತೋರಿಸುವ ಚೂರನ್ನು ವೈರಸ್ ಸುಲಭವಾಗಿ ಬದಲಿಸಿಕೊಳ್ಳಲಾರದು. ತಪ್ಪಿಸಿಕೊಳ್ಳಲು ಒಂದಲ್ಲ, ಹಲವು ರೂಪಾಂತರ ಒಟ್ಟಿಗೆ ಆಗಬೇಕು.

ನೆಲನೆಲ್ಲಿಯನ್ನು ಯಾರೂ ಪರೀಕ್ಷಿಸಲೇ ಇಲ್ಲ ಎಂಬ ದೂರೂ ನಿಲ್ಲುವುದಿಲ್ಲ. ಮದರಾಸಿನ ಸಂಶೋಧಕರೇ 1988ರಲ್ಲಿ ಅದನ್ನು ಹೆಪಟೈಟಿಸ್ ಬಿ ಮೇಲೆ ಪ್ರಯೋಗಿಸಿ, ನೂರಕ್ಕೆ 59 ಮಂದಿಗೆ ಫಲ ಸಿಕ್ಕಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಮುಂದೆ ಬೇರೆಡೆ ನಡೆದ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ಮೇಲಾಗಿ ಬಿ ಬೇರೆ, ಸಿ ಬೇರೆ.

ಎರಡನೆಯ ವಾದ ಮನೆತನದ್ದು. ‘ಜೀನು ಅಂದಮೇಲೆ ರಕ್ತದಲ್ಲೇ ಬಂದದ್ದು, ನಮ್ಮಲ್ಲಿ ಸೋದರಮಾವನಿಗೇ ಕೊಡುತ್ತೇವೆ, ಎಲ್ಲರದೂ ಒಂದೇ ರಕ್ತ. ಬರಬೇಕಾದವರಿಗೆ ಬರುತ್ತದೆ.’ ಇದರಲ್ಲಿ ಎರಡು ಗೊಂದಲ ಬೆರೆತಿವೆ. ಆನುವಂಶಿಕವಾಗಿ ಬರುವುದು ಜೀನು, ವೈರಸ್ಸಲ್ಲ. ಮರುಬಳಕೆಯ ಸೂಜಿ, ಪರೀಕ್ಷಿಸದ ರಕ್ತ, ಶುಚಿಯಿಲ್ಲದ ಹಚ್ಚೆ, ಎಚ್ಚರತಪ್ಪಿದ ಡಯಾಲಿಸಿಸ್, ವೈರಸ್ಸಿನ ದಾರಿ ಇವು. ಸೋಂಕಿರುವ ತಾಯಿಯಿಂದ ಹೆರಿಗೆಯಲ್ಲಿ ಮಗುವಿಗೆ ತಗುಲುವುದೂ ಉಂಟು, ಅದೂ ಸೋಂಕೇ. ಇನ್ನು ಒಂದೇ ರಕ್ತ ಎಂಬುದು: ಒಡಹುಟ್ಟಿದ ಇಬ್ಬರಲ್ಲಿ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅಸ್ಥಿಮಜ್ಜೆ ಬೇಕಾದ ಮನೆಯವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಒಳಸಂಬಂಧದ ಮದುವೆಯಿಂದ ಹೋಲಿಕೆ ಹೆಚ್ಚಬಹುದು, ಮನೆಮಂದಿಯೆಲ್ಲ ಒಂದೇ ಅಚ್ಚಾಗುವುದಿಲ್ಲ.

ಜೀನೇ ಹಣೆಬರಹವೂ ಅಲ್ಲ. 2004ರ ಒಂದು ಅಧ್ಯಯನ ಇಲ್ಲಿ ಮುಖ್ಯ. ಎನ್‌ಕೆ ಎಂಬ, ಸೋಂಕಿತ ಕೋಶಗಳನ್ನು ಕೊಲ್ಲುವ ರಕ್ಷಕ ಕೋಶಗಳನ್ನು ಹಿಡಿದಿಡುವ ಕೆಐಆರ್2ಡಿಎಲ್3 ಎಂಬ ಜೀನು ಮತ್ತು ಅದಕ್ಕೆ ಹೊಂದುವ ಎಚ್‌ಎಲ್‌ಎ-ಸಿ ಬಗೆ, ಎರಡೂ ತಂದೆ ತಾಯಿ ಇಬ್ಬರಿಂದಲೂ ಬಂದಿದ್ದವರು ಹೆಚ್ಚಾಗಿ ಪಾರಾದರು. ಆದರೆ ಆ ಲಾಭ ಕಂಡದ್ದು ಸೂಜಿಯಿಂದ ಅಲ್ಪ ಪ್ರಮಾಣದ ವೈರಸ್ ಹೊಕ್ಕವರಲ್ಲಿ. ರಕ್ತ ಹಾಕಿಸಿಕೊಂಡು ವೈರಸ್ ಹೇರಳವಾಗಿ ಒಳಹೊಕ್ಕವರಲ್ಲಿ ಅದೇ ಜೀನು ಕೆಲಸಕ್ಕೆ ಬರಲಿಲ್ಲ.

‘ಹಾಗಾದರೆ ಮೊದಲು ಜೀನು ಪರೀಕ್ಷೆ ಮಾಡಿಸೋಣ, ಒಳ್ಳೆಯದಿದ್ದರೆ ಮಾತ್ರೆ ಯಾಕೆ?’ ಓದಿಕೊಂಡವರೇ ಇದನ್ನು ಕೇಳುತ್ತಾರೆ. ಬೇಡ. 2009ರಲ್ಲಿ 19ನೆಯ ಕ್ರೋಮೋಸೋಮಿನ ಐಎಲ್28ಬಿ ಜೀನಿನ ಬಳಿ ಪತ್ತೆಯಾದ ‘ಒಳ್ಳೆಯ’ ರೂಪ ಇದ್ದವರಲ್ಲೂ ಸರಿಸುಮಾರು ಅರ್ಧದಷ್ಟು ಮಂದಿಯಲ್ಲಿ ವೈರಸ್ ಉಳಿದೇ ಉಳಿಯಿತು. 2013ರಲ್ಲಿ ಅಲ್ಲೇ ಪಕ್ಕದಲ್ಲಿ ಐಎಫ್‌ಎನ್‌ಎಲ್4 ಎಂಬ ಜೀನು ಸಿಕ್ಕಿತು. ಅಚ್ಚರಿಯೆಂದರೆ ಅದು ಕೆಟ್ಟು ಪ್ರೋಟೀನು ತಯಾರಿಸದವರೇ ಹೆಚ್ಚು ಗುಣವಾಗುತ್ತಾರೆ! ಒಳ್ಳೆಯ ಜೀನು, ಕೆಟ್ಟ ಜೀನು ಎಂದು ಮನೆತನ ಅಳೆಯುವವರು ಇದನ್ನು ಗಮನಿಸಬೇಕು. ಇಂಟರ್‌ಫೆರಾನ್ ಚುಚ್ಚುಮದ್ದನ್ನು 48 ವಾರ ಸಹಿಸಬೇಕಿದ್ದ ಕಾಲದಲ್ಲಿ ಈ ಪರೀಕ್ಷೆಗೆ ಅರ್ಥವಿತ್ತು. ಈಗ ಸೋಫೋಸ್ಬುವಿರ್, ಡಕ್ಲಾಟಾಸ್ವಿರ್ ಮಾತ್ರೆಗಳು ಸಾಮಾನ್ಯವಾಗಿ 12 ವಾರದಲ್ಲಿ ನೂರಕ್ಕೆ 95ರಷ್ಟು ಮಂದಿಯನ್ನು ಗುಣಪಡಿಸುತ್ತವೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆ, ಮಾತ್ರೆ ಎರಡೂ ಉಚಿತ. ದುಡ್ಡು ಖರ್ಚಾಗಬೇಕಾದದ್ದು ಜೀನಿಗಲ್ಲ. ಆಂಟಿಬಾಡಿ ಪಾಸಿಟಿವ್ ಬಂದರೆ ಆರ್‌ಎನ್‌ಎ ಪರೀಕ್ಷೆ ಮಾಡಿಸಿ. ಗುಣವಾದವರಲ್ಲೂ ಆಂಟಿಬಾಡಿ ವರ್ಷಗಟ್ಟಲೆ ಉಳಿಯುತ್ತದೆ, ವೈರಸ್ ಇದೆಯೋ ಇಲ್ಲವೋ ಎಂದು ಹೇಳುವುದು ಆರ್‌ಎನ್‌ಎ.

ಕೊನೆಯ ವಾದವೇ ಗಟ್ಟಿಯಾದದ್ದು: ‘ಮಾತ್ರೆಯಿಂದಲೇ ಎಲ್ಲರೂ ಗುಣವಾಗುವಾಗ ಈ ಜೀನಿನ ಸಂಶೋಧನೆ ಯಾರಿಗೆ ಬೇಕು?’ ಮಾತ್ರೆ ವೈರಸ್ಸನ್ನು ತೊಡೆಯುತ್ತದೆ, ಮತ್ತೆ ತಗುಲದಂತೆ ತಡೆಯುವುದಿಲ್ಲ. ಲಸಿಕೆ ಇಂದಿಗೂ ಇಲ್ಲ. ಅಮೆರಿಕದಲ್ಲಿ ಪ್ರಯೋಗಿಸಿದ ಒಂದು ಲಸಿಕೆಯ ಫಲಿತಾಂಶ 2021ರಲ್ಲಿ ಹೊರಬಂತು. ಅದು ಟಿ ಕೋಶಗಳನ್ನೇನೋ ಎಬ್ಬಿಸಿತು, ಆದರೆ ಲಸಿಕೆ ಪಡೆದವರಲ್ಲೂ ಪಡೆಯದವರಲ್ಲೂ ತಲಾ 14 ಮಂದಿಗೆ ಸೋಂಕು ದೀರ್ಘವಾಗಿ ನಿಂತಿತು. ಯಾವ ಚೂರನ್ನು ಯಾವ ಎಚ್‌ಎಲ್‌ಎ ಎತ್ತಿ ತೋರಿಸಿದರೆ ವೈರಸ್ ಸೋಲುತ್ತದೆ ಎಂದು ತಿಳಿಯದೆ ಮುಂದಿನ ಲಸಿಕೆಯ ದಾರಿ ಕಾಣದು. ಐರ್ಲೆಂಡಿನ ಉತ್ತರವನ್ನು ಹಾಗೇ ತಂದು ಇಲ್ಲಿ ಹಚ್ಚಲೂ ಬರುವುದಿಲ್ಲ. ಬಿ27ರ ರಕ್ಷಣೆ ಕಂಡದ್ದು ಒಂದನೆಯ ಜೀನೋಟೈಪಿನ, ಅಂದರೆ ಒಂದನೆಯ ಬಗೆಯ, ವೈರಸ್ಸಿನ ಎದುರು, ಭಾರತದಲ್ಲಿ ಹೆಚ್ಚಾಗಿರುವುದು ಮೂರನೆಯದು. ನಮ್ಮ ಗಡಿನಾಡಿನ ಕನ್ನಡ, ತೆಲುಗು, ತಮಿಳು ಮನೆಗಳಲ್ಲಿ ತಾವಾಗಿ ಗುಣವಾದವರ ರಕ್ತವನ್ನೂ ಈ ಸಂಶೋಧನೆ ಕೇಳಬೇಕು.