ಮಕ್ಕಳ ಕೈಗೆ ಸೋಲ್ಡರಿಂಗ್ ಐರನ್ ಕೊಡಿ

ಒಳ್ಳೆಯ ಮಾರ್ಕು ತಂದರೆ ಮೊಬೈಲ್ ಕೊಡಿಸುವ ನಮ್ಮ ಮನೆಗಳಲ್ಲಿ, ಮಗ ಇನ್ನೂರು ರೂಪಾಯಿಯ ರೆಸಿಸ್ಟರ್, ಟ್ರಾನ್ಸಿಸ್ಟರ್ ತರಿಸುತ್ತೇನೆ ಎಂದರೆ ಮುಖ ಸಿಂಡರಿಸುತ್ತಾರೆ. "ಅದೆಲ್ಲ ರೆಡಿಮೇಡ್ ಸಿಗುತ್ತದಲ್ಲಾ?" ಎಂಬ ಪ್ರಶ್ನೆ ಬೇರೆ. ಸಿಗುತ್ತದೆ. ಆದರೂ ಬಿಡಿಭಾಗ ತರಿಸಿ ಕೊಡಬೇಕು ಎಂಬುದೇ ನನ್ನ ವಾದ.

ನನ್ನ ತಂಗಿಯನ್ನು ಕೊಟ್ಟಿರುವುದು ವಯನಾಡಿನ ಮುತ್ತಂಗಕ್ಕೆ. ಸುತ್ತ ವನ್ಯಧಾಮ, ಗಡಿ ದಾಟಿದರೆ ಬಂಡೀಪುರ. ಕಾಡುಪ್ರಾಣಿಗಳಿಗಾಗಿ ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ತಡೆ ಇದೆ. ಮನೆಯಂಗಳಕ್ಕೆ ಅಂಥ ವೇಳಾಪಟ್ಟಿ ಇಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಸುಬ್‌ಹಿ ನಮಾಝಿಗೆ ಬಾಗಿಲು ತೆರೆಯುವವರಿಗೆ ಹೊರಗೆ ಕತ್ತಲಲ್ಲಿ ಆನೆ ನಿಂತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ತಂಗಿಯ ಮಕ್ಕಳಿಬ್ಬರು ಮಾಡಿದ ಬೋರ್ಡು ತೀರಾ ಸರಳ. 9 ವೋಲ್ಟ್ ಬ್ಯಾಟರಿ, ಒಂದು ಬಿಸಿ547 ಟ್ರಾನ್ಸಿಸ್ಟರ್, 47 ಕಿಲೋ ಓಮ್ ರೆಸಿಸ್ಟರ್ (ಹಳದಿ, ನೇರಳೆ, ಕಿತ್ತಳೆ ಪಟ್ಟಿ), ಒಂದು ಬಜರ್. ಹಿತ್ತಿಲ ಸುತ್ತ ಎಳೆದ ತೆಳು ತಾಮ್ರದ ತಂತಿ ಟ್ರಾನ್ಸಿಸ್ಟರಿನ ಬೇಸನ್ನು ನೆಗೆಟಿವ್‌ಗೆ ಕಟ್ಟಿ ಹಾಕಿರುತ್ತದೆ. ಆನೆ ನಡೆದು ತಂತಿ ಹರಿದರೆ ಬೇಸಿಗೆ ಕರೆಂಟು ಹೋಗಿ ಮಲಗುವ ಕೋಣೆಯಲ್ಲಿ ಬಜರ್ ಕೂಗುತ್ತದೆ. ತಂತಿ ಆರಡಿ ಎತ್ತರದಲ್ಲಿದೆ, ಹಂದಿ, ಜಿಂಕೆ ಅಡಿಯಿಂದಲೇ ಹೋಗುತ್ತವೆ. ಆನೆಯನ್ನು ಓಡಿಸಲು ಅಲ್ಲ ಇದು, ಮನೆಯವರು ಹೊರಗೆ ಕಾಲಿಡದಿರಲಿ ಎಂದು.

ಆದರೆ ತರಿಸುವುದೇ ದೊಡ್ಡ ಪಾಠ. ಬಜರ್‌ನಲ್ಲಿ ಎರಡು ಬಗೆ: ಆ್ಯಕ್ಟಿವ್ ಆದರೆ ಬ್ಯಾಟರಿ ಕೊಟ್ಟರೆ ಸಾಕು, ಪ್ಯಾಸಿವ್ ಆದರೆ ಹೊರಗಿನಿಂದ ಸಿಗ್ನಲ್ ಕೊಡಬೇಕು. ನೋಡಲು ಎರಡೂ ಒಂದೇ. ಅವರಿಗೆ ಮೊದಲು ಬಂದದ್ದು ಪ್ಯಾಸಿವ್! ಮಾರಿದವರು ಆ ವಿವರವನ್ನೇ ಹಾಕಿರಲಿಲ್ಲ. ಒಂದು ರೂಪಾಯಿಯ ರೆಸಿಸ್ಟರಿಗೆ ಅದರ ಎಷ್ಟೋ ಪಟ್ಟು ಕೊರಿಯರ್ ಖರ್ಚು. ಹಾಗಾಗಿ ನಾಲ್ಕು ಮನೆಯ ಮಕ್ಕಳು ಸೇರಿ ಒಂದೇ ಪಟ್ಟಿ ಮಾಡಿ ತರಿಸುವುದು ಜಾಣತನ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಿಂದ ತರಲು ಹೇಳಿ. ತಾಮ್ರದ ತಂತಿ ಮಾತ್ರ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ತೂಕದ ಲೆಕ್ಕದಲ್ಲಿ ಸಿಗುತ್ತದೆ.

ಕಟ್ಟಿದ ಕೂಡಲೇ ಬಜರ್ ಸುಮ್ಮನೆ ಕೂಗತೊಡಗಿತು. ಹುಡುಗ ಬೋರ್ಡನ್ನೇ ಬಿಚ್ಚಲು ಹೊರಟಿದ್ದ. ತಂತಿಯ ತುದಿಯ ವಾರ್ನಿಷ್ ಕೆರೆದಿಲ್ಲ ಎಂದು ಕಂಡುಹಿಡಿದದ್ದು ಅವನ ತಂಗಿ. ಸೋಲ್ಡರ್ ಕೂಡ ಅವಳದ್ದೇ ಚೆಂದ, ಪ್ರತಿ ಕೀಲೂ ಹೊಳೆಯುತ್ತದೆ. ಇದು ಗಂಡುಮಕ್ಕಳ ಕೆಲಸ ಎನ್ನುವವರು ಒಮ್ಮೆ ಹೋಗಿ ನೋಡಬೇಕು. ರೆಡಿಮೇಡ್ ಅಲಾರಾಂ ಕೆಟ್ಟರೆ ಕಸದ ಬುಟ್ಟಿಗೆ. ಇದು ಕೆಟ್ಟರೆ ಎಲ್ಲಿ ಹುಡುಕಬೇಕೆಂದು ಆ ಮನೆಯ ಇಬ್ಬರಿಗೆ ಗೊತ್ತು.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಮನೆಯ ಕರೆಂಟನ್ನು ಬೇಲಿಗೆ ಕೊಡುವ ಕೆಟ್ಟ ಚಾಳಿ ಕಾಡಂಚಿನ ಊರುಗಳಲ್ಲಿದೆ. ಅದು ಅಪರಾಧ. ಆನೆಯೂ ಸಾಯುತ್ತದೆ, ಬೆಳಿಗ್ಗೆ ಮದ್ರಸಕ್ಕೆ ಹೊರಟ ಮಗುವೂ ಸಾಯಬಹುದು. 9 ವೋಲ್ಟ್ ಬ್ಯಾಟರಿಯಲ್ಲಿ ಕೈ ಪಳಗಿದ ಮಕ್ಕಳಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ, ದೊಡ್ಡವರನ್ನು ಅವರೇ ತಡೆಯುತ್ತಾರೆ.

ಗಲ್ಫಿನಿಂದ ರಜೆಗೆ ಬರುವ ಮಾಮಂದಿರು ಈ ಸಲ ರಿಮೋಟ್ ಕಾರಿನ ಬದಲು ಒಂದು ಮಲ್ಟಿಮೀಟರ್ ತನ್ನಿ. ಸೋಲ್ಡರ್ ಮಾಡುವಾಗ ಕಿಟಕಿ ತೆರೆದಿರಲಿ, ಸೀಸ ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ತೊಳೆಯಲು ಹೇಳಿ.