ಹೊಯ್ಸಳರ ಕಾಡಿನಲ್ಲಿ ಒಂದು ಜೀಪು

ತಿರುಪ್ಪೂರಿನ ಕನ್ನಡ ಮನೆಯೊಂದರಲ್ಲಿ ರಜೆಯ ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಕಂಪ್ಯೂಟರಿನ ಮುಂದಿನಿಂದ ಕದಲದೆಯೇ ಕೇಳಿದ: "ತಾತ, ಹೊಯ್ಸಳರು ಅಂದ್ರೆ ನಮ್ಮವರಾ?" ಹಿರಿಯರು ಓದುತ್ತಿದ್ದ ಪತ್ರಿಕೆಯನ್ನು ಕೆಳಗಿಟ್ಟರು. ಮನೆಯಲ್ಲಿ ಕನ್ನಡದ ಮಾತುಂಟು. ಆದರೆ ಹುಡುಗನಿಗೆ ಕನ್ನಡದ ಅಕ್ಷರ ಬಾರದು. ಶಾಲೆಯಲ್ಲಿ ಅವನು ಓದುವುದು ತಮಿಳು, ಇಂಗ್ಲಿಷ್. ಹೊಯ್ಸಳರ ಹೆಸರನ್ನು ಮನೆಯಲ್ಲಿ ಯಾರೂ ಅವನಿಗೆ ಹೇಳಿದ ನೆನಪಿಲ್ಲ. ಮತ್ತೆ ಹೇಳಿಕೊಟ್ಟವರು ಯಾರು? ಉತ್ತರ ಪರದೆಯ ಮೇಲೆಯೇ ಇತ್ತು. ದಟ್ಟ ಹಸಿರಿನ ಬೆಟ್ಟಗಳ ನಡುವೆ, ಕೆಸರು ಚಿಮ್ಮಿಸುತ್ತ ಒಂದು ಜೀಪು ಓಡುತ್ತಿತ್ತು. ದೂರದಲ್ಲಿ ಜಲಪಾತಗಳ ಮೇಲೆ ಪಾಳುಬಿದ್ದ ಗೋಪುರಗಳು ಕಾಣುತ್ತಿದ್ದವು.

ಆ ಆಟದ ಹೆಸರು 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ'. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಾಟಿ ಡಾಗ್ ಎಂಬ ಸಂಸ್ಥೆ ಇದನ್ನು 2017ರ ಆಗಸ್ಟ್‌ನಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದಿತು. 2022ರಲ್ಲಿ ಕಂಪ್ಯೂಟರಿಗೂ ಬಂತು. ಕಥೆ ನಡೆಯುವುದು ಭಾರತದಲ್ಲಿ. ಕ್ಲೋಯಿ ಫ್ರೇಜರ್ ಎಂಬ ನಿಧಿಶೋಧಕಿ ನಡೀನ್ ರಾಸ್ ಎಂಬ ಜೊತೆಗಾತಿಯೊಡನೆ ಗಣೇಶನ ಮುರಿದ ದಂತವನ್ನು ಹುಡುಕುತ್ತ ಪಶ್ಚಿಮ ಘಟ್ಟಗಳಿಗೆ ಬರುತ್ತಾಳೆ. ಆ ದಂತ ಅಡಗಿರುವುದು ಹೊಯ್ಸಳರ ಮರೆತುಹೋದ ರಾಜಧಾನಿಯಲ್ಲಿ ಎಂಬುದು ಕಥೆಯ ಎಳೆ. ಹಳೇಬೀಡು, ಬೇಲೂರು ಎಂಬ ಹೆಸರುಗಳು ಆ ಪಾತ್ರಗಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತವೆ. ಕ್ಲೋಯಿಯ ತಂದೆ ಭಾರತೀಯ. ಹೊಯ್ಸಳರ ಬೆನ್ನುಹತ್ತಿ ಪ್ರಾಣ ಕಳೆದುಕೊಂಡವನು. ತಂದೆಯ ನಾಡಿಗೆ ಅರ್ಧ ಪರಿಚಿತಳಾಗಿ, ಅರ್ಧ ಪರಕೀಯಳಾಗಿ ಬಂದ ಮಗಳು ಗಣೇಶನಿಗೂ ಪರಶುರಾಮನಿಗೂ ನಡೆದ ಜಗಳದ ಕಥೆಯನ್ನು ಜೊತೆಗಾತಿಗೆ ವಿವರಿಸುತ್ತಾಳೆ. ಕೊಯಮತ್ತೂರಿನ ಕನ್ನಡ ಮನೆಗಳ ಮಕ್ಕಳಿಗೆ ಈ ಪಾತ್ರದಲ್ಲಿ ತಮ್ಮದೇ ನೆರಳು ಕಂಡರೆ ಅಚ್ಚರಿಯಿಲ್ಲ.

ಈ ಆಟವನ್ನು ಆಡಿದವರು ಬಹಳವಾಗಿ ನೆನೆಯುವುದು ನಾಲ್ಕನೆಯ ಅಧ್ಯಾಯವನ್ನು. ಅದರ ಹೆಸರೇ 'ಪಶ್ಚಿಮ ಘಟ್ಟಗಳು'. ಸಾಮಾನ್ಯವಾಗಿ ಇಂಥ ಆಟಗಳಲ್ಲಿ ದಾರಿ ಒಂದೇ: ಮುಂದೆ ಓಡು, ಹಾರು, ಹೊಡೆ, ಬಾಗಿಲು ತೆರೆ. ಇಲ್ಲಿ ಹಾಗಲ್ಲ. ವಿಶಾಲವಾದ ಕಣಿವೆಯೊಂದನ್ನು ಆಟಗಾರನ ಕೈಗೆ ಒಪ್ಪಿಸಿ, ಜೀಪಿನ ಕೀಲಿಯನ್ನೂ ಕೊಟ್ಟು ಸುಮ್ಮನಾಗುತ್ತಾರೆ. ತ್ರಿಶೂಲ, ಬಿಲ್ಲು, ಕೊಡಲಿ ಈ ಮೂರು ಆಯುಧಗಳ ಗುರುತುಳ್ಳ ಮೂರು ಠಾವುಗಳನ್ನು ತಲುಪಬೇಕು; ಯಾವುದು ಮೊದಲು, ಯಾವುದು ಕೊನೆ ಎಂಬುದು ಅವನಿಗೆ ಬಿಟ್ಟದ್ದು. ಕಾಗದದ ನಕ್ಷೆಯನ್ನು ಬಿಡಿಸಿದರೆ ಕ್ಲೋಯಿ ತಾನು ಕಂಡ ಜಾಗಗಳನ್ನು ಲೇಖನಿಯಿಂದ ಅದರ ಮೇಲೆ ಗುರುತಿಸುತ್ತಾಳೆ. ನೋಟ ಚೆನ್ನಾಗಿದ್ದಲ್ಲಿ ಫೋನು ತೆಗೆದು ಚಿತ್ರ ಹಿಡಿಯಬಹುದು. ಕಣಿವೆಯಲ್ಲಿ ಹೊಯ್ಸಳರ ಮುದ್ರೆಗಳು ಹನ್ನೊಂದು ಕಡೆ ಅಡಗಿವೆ. ಅವನ್ನು ಹುಡುಕಲೇಬೇಕೆಂಬ ನಿರ್ಬಂಧವಿಲ್ಲ. ಕಥೆ ಅವಿಲ್ಲದೆಯೂ ಸಾಗುತ್ತದೆ. ಆದರೂ ಹುಡುಕುತ್ತಾರೆ. ಹನ್ನೊಂದೂ ಸಿಕ್ಕ ಮೇಲೆ ರಾಣಿಯ ಮಾಣಿಕ್ಯದ ಕೈಬಳೆಯೊಂದು ದೊರೆಯುತ್ತದೆ.

ಈ ಆಟಗಳ ಆಕರ್ಷಣೆಯ ಗುಟ್ಟು ಬಹುಶಃ ಇದೇ. ಸಿನಿಮಾದಲ್ಲಿ ನಿರ್ದೇಶಕ ತೋರಿಸಿದ ಕಡೆಗೆ ಮಾತ್ರ ನೋಡಬೇಕು. ಇಲ್ಲಿ ಕಥೆಯನ್ನು ನಿಲ್ಲಿಸಿ ಒಂದು ಕೆರೆಯ ದಂಡೆಯಲ್ಲಿ ಸುಮ್ಮನೆ ನಿಲ್ಲಬಹುದು, ತನಗೆ ಬೇಕಾದಾಗ ಮುಂದೆ ಹೋಗಬಹುದು. ಹುಡುಗನ ದಿನಚರಿಯಲ್ಲಿ ಅವನ ಇಷ್ಟಕ್ಕೆ ಬಿಟ್ಟ ಹೊತ್ತು ಎಷ್ಟಿದೆ? ಬೆಳಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್. ಉಡುಮಲೈಯಿಂದಾಗಲಿ ಪೊಳ್ಳಾಚಿಯಿಂದಾಗಲಿ ಕಣ್ಣೆತ್ತಿದರೆ ಆನೆಮಲೆ ಕಾಣುತ್ತದೆ. ಅದನ್ನು ಹತ್ತಲು ಮಾತ್ರ ಬಿಡುವಿಲ್ಲ. ಪರದೆಯ ಮೇಲಿನ ಘಟ್ಟ ಅವನಿಗೆ ಒಗ್ಗಿದ್ದು ಹೀಗೆ.

ಇಲ್ಲಿ ಹಿರಿಯರ ಒಂದು ತಪ್ಪು ಗ್ರಹಿಕೆಯನ್ನು ಸರಿಪಡಿಸುವುದು ಅಗತ್ಯ. ಪತ್ರಿಕೆಗಳಲ್ಲಿ ಆನ್‌ಲೈನ್ ಆಟಗಳ ಮೇಲಿನ ಕಾನೂನುಗಳ ಸುದ್ದಿ ಓದಿ, ಮೊಮ್ಮಗ ಆಡುತ್ತಿರುವುದೂ ಅದೇ ಎಂದು ಬೆದರುವವರುಂಟು. ತಮಿಳುನಾಡಿನ 2022ರ ಅಧಿನಿಯಮ ಜೂಜನ್ನು ಕುರಿತದ್ದು. 2025ರಲ್ಲಿ ಬಂದ, ನಡುರಾತ್ರಿಯಿಂದ ಬೆಳಗಿನ ಐದು ಗಂಟೆಯವರೆಗಿನ ನಿಷೇಧವೂ ಹಣವಿಟ್ಟು ಆಡುವ ಆಟಗಳಿಗೆ ಸಂಬಂಧಿಸಿದ್ದು. ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ಕೇಂದ್ರ ಕಾನೂನು ಕೂಡ ಹಣದ ಆಟವನ್ನೂ ಉಳಿದವುಗಳನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಕಥೆಯ ಆಟವೊಂದನ್ನು ಕ್ರಯಕ್ಕೆ ಕೊಂಡು ಮನೆಯಲ್ಲಿ ಆಡುವುದು ಇವಾವುದರ ವ್ಯಾಪ್ತಿಗೂ ಬಾರದು. ಗಂಟೆಗಟ್ಟಲೆ ಆಡಿದರೆ ಕಣ್ಣಿಗೂ ಓದಿಗೂ ಕೇಡು ಎಂಬುದು ಬೇರೆಯ ವಿಚಾರ; ಅದಕ್ಕೆ ಶಾಸನ ಬೇಡ, ಮನೆಯವರ ಮಾತು ಸಾಕು.

ಆದರೆ ಈ ಆಟವನ್ನು ಸಾಕ್ಷ್ಯವೆಂದು ಒಪ್ಪುವಂತಿಲ್ಲ. ಅದರಲ್ಲಿ ಎಲ್ಲವೂ ದೈತ್ಯಾಕಾರ. ಬೆಟ್ಟವನ್ನೇ ಕಡಿದ ಮೂರ್ತಿಗಳು, ಅವುಗಳ ಭುಜಗಳ ಮೇಲೆ ಏರಿ ಹಾರುವ ನಾಯಕಿ. ಹೊಯ್ಸಳರ ಹಿರಿಮೆ ಇದಕ್ಕೆ ತೀರ ವಿರುದ್ಧ. ಅವರ ಶಿಲ್ಪಿಗಳು ಮೆದುವಾದ ಬಳಪದ ಕಲ್ಲಿನಲ್ಲಿ ಬೆರಳುಗಾತ್ರದ ಆಭರಣವನ್ನು ಕೊರೆದವರು. 1117ರ ಬೇಲೂರಿನ ಚೆನ್ನಕೇಶವನ ಗುಡಿ ಎತ್ತರದಿಂದ ಬೆರಗು ಹುಟ್ಟಿಸುವುದಿಲ್ಲ. ಹತ್ತಿರ ಹೋದಷ್ಟೂ ಬೆಳೆಯುತ್ತದೆ. ಹಳೇಬೀಡಿನಲ್ಲಿ ನಕ್ಷತ್ರದಾಕಾರದ ಜಗತಿಯ ಮೇಲೆ ಬಲಕ್ಕೆ ಸುತ್ತಿಬಂದರೆ ಆನೆ, ಸಿಂಹ, ಕುದುರೆ, ಮಕರ, ಹಂಸಗಳ ಸಾಲುಗಳ ನಡುವೆ ರಾಮಾಯಣ, ಮಹಾಭಾರತಗಳು ಕಲ್ಲಿನಲ್ಲಿ ಬಿಚ್ಚಿಕೊಳ್ಳುತ್ತವೆ. ಜಲಪಾತ ಅಲ್ಲೆಲ್ಲೂ ಇಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆಟ ಬಂದು ಆಗಲೇ ಆರು ವರ್ಷಗಳಾಗಿದ್ದವು.

ಇನ್ನೊಂದು ಸಂಗತಿಯನ್ನು ಆಟ ಬರೆದವರು ಗಮನಿಸಿದಂತಿಲ್ಲ. ಹೊಯ್ಸಳರ ಕಡೆಯ ರಾಜಧಾನಿಯನ್ನು ಘಟ್ಟದ ಕಾಡಿನಲ್ಲಿ ಹುಡುಕಬೇಕಾಗಿಯೇ ಇಲ್ಲ. ಅದು ಇದ್ದುದು ತಮಿಳು ಸೀಮೆಯಲ್ಲಿ. ವೀರ ಸೋಮೇಶ್ವರ ಶ್ರೀರಂಗದ ಸಮೀಪದ ಕಣ್ಣನೂರಿನಲ್ಲಿ ನೆಲೆಯೂರಿದ. 1311ರಲ್ಲಿ ಮಲಿಕ್ ಕಾಫೂರನ ದಾಳಿಯಿಂದ ದೋರಸಮುದ್ರ ಜರ್ಝರಿತವಾದ ಮೇಲೆ, ಮೂರನೆಯ ಬಲ್ಲಾಳ ಮುಂದೆ ತಿರುವಣ್ಣಾಮಲೈಯನ್ನು ತನ್ನ ಠಾಣ್ಯವಾಗಿ ಮಾಡಿಕೊಂಡ. 1342ರ ಸುಮಾರಿಗೆ ಮಧುರೆಯ ಸುಲ್ತಾನನೊಡನೆ ಹೋರಾಡುತ್ತ ಮಡಿದ. ಕೊಂಗುನಾಡಿನ ನಂಟು ಇದಕ್ಕಿಂತ ಹಳೆಯದು. ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಶಾಸನ ಚಾಮರಾಜನಗರದ ಪಾರ್ಶ್ವನಾಥ ಬಸದಿಯಲ್ಲಿದೆ. ಅದರಲ್ಲಿ ಕೊಂಗರೂ ಉಂಟು, ತೊದವರೂ ಉಂಟು, ನೀಲಗಿರಿಯೂ ಉಂಟು.

ಮುಳುಗಿದ ಕೋಟೆಯನ್ನು ಹುಡುಕುವ ಆಸೆಯಿದ್ದವರು ದೂರ ಹೋಗಬೇಕಾಗಿಲ್ಲ. ಕೊಯಮತ್ತೂರಿನಿಂದ ಅನ್ನೂರು, ಪುಳಿಯಂಪಟ್ಟಿಗಳ ಮೇಲೆ ಹೋದರೂ ತಿರುಪ್ಪೂರಿನಿಂದ ಅವಿನಾಶಿಯ ಮೇಲೆ ಹೋದರೂ ಎರಡು ಗಂಟೆಯೊಳಗೆ ಭವಾನಿಸಾಗರ. ಅಲ್ಲಿ ಭವಾನಿಯೂ ಮೋಯಾರೂ ಕೂಡುವ ಎಡೆಯಲ್ಲಿ ದಣ್ಣಾಯಕನ ಕೋಟೆ ಇತ್ತು. ತಮಿಳರ ಬಾಯಲ್ಲಿ ಅದು ಡಣಾಯ್ಕನ್ ಕೋಟ್ಟೈ. ಮೂರನೆಯ ಬಲ್ಲಾಳನ ಕಾಲದ ಮಾಧವ ದಣ್ಣಾಯಕನ ಹೆಸರು ಅದಕ್ಕೆ ಅಂಟಿದೆ. 1955ರಲ್ಲಿ ಅಣೆಕಟ್ಟು ಮುಗಿದು ನೀರು ನಿಂತಾಗ ಕೋಟೆಯೂ ಒಳಗಿನ ಮಾಧವರಾಯ ಪೆರುಮಾಳರ ಗುಡಿಯೂ ಮುಳುಗಿದವು. ಬೇಸಿಗೆಯಲ್ಲಿ ಜಲಾಶಯ ತೀರ ಬತ್ತಿದ ವರ್ಷ ಗುಡಿಯ ಕಲ್ಲುಗಳು ಮೇಲೆ ಬರುತ್ತವೆ. ಮಳೆ ಹಿಡಿದರೆ ಮತ್ತೆ ಮರೆಯಾಗುತ್ತವೆ. ಆ ಆಟದ ಯಾವ ಚಿತ್ರಕಾರನೂ ಕಲ್ಪಿಸದ ದೃಶ್ಯ ಅದು. ಸುತ್ತಲೂ ಸತ್ಯಮಂಗಲದ ಕಾಡು, ಆನೆಗಳ ಓಡಾಟ. ಅರಣ್ಯ ಇಲಾಖೆಯ ಒಪ್ಪಿಗೆಯಿಲ್ಲದೆ ಒಳಗೆ ಹೋಗಲಾಗದು.

ತಿರುಪ್ಪೂರಿನ ಆ ಹಿರಿಯರು ಹುಡುಗನ ಪ್ರಶ್ನೆಗೆ ಅಂದು ನೇರವಾಗಿ ಉತ್ತರಿಸಲಿಲ್ಲ. "ಆ ಜೀಪು ನಿಲ್ಲಿಸು. ಭಾನುವಾರ ನಮ್ಮ ಗಾಡಿಯಲ್ಲಿ ಹೋಗೋಣ," ಎಂದರು. ಅಣೆಕಟ್ಟಿನ ಉದ್ಯಾನದವರೆಗೆ ಮಾತ್ರ ಹೋದರು. ಆ ವರ್ಷ ನೀರು ತುಂಬಿತ್ತು, ಕೋಟೆ ಕಾಣಲಿಲ್ಲ. ಹುಡುಗ ಫೋನು ತೆಗೆದು ಬರಿಯ ನೀರಿನ ಚಿತ್ರ ಹಿಡಿದ. ಮರಳುವ ದಾರಿಯಲ್ಲಿ ಪುಳಿಯಂಪಟ್ಟಿಯಲ್ಲಿ ಚಹಾ ಕುಡಿಯುವಾಗ 'ದಣ್ಣಾಯಕ' ಎಂದು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಕೇಳಿದ. ಹಿರಿಯರು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದರು. ಣಕಾರದ ಒತ್ತು ಅವನಿಗೆ ಮೂರನೆಯ ಸಲ ಸರಿಯಾಗಿ ಬಂತು.